ಬಿಳಿಕೆರೆಯ ಕಪ್ಪು ಚುಕ್ಕೆ

ಈ ಸಲದ ಪ್ರಶ್ನೆ ಬಿಳಿಕೆರೆ ಕಡೆಯಿಂದ ಬಂದದ್ದು. ಬರೆದವರು ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಭಾನುವಾರ ಊರಿಗೆ ಹೋಗಿ ಬರ್ತಾರೆ. ಹೋದ ವರ್ಷ ಒಂದು ಪುಟ್ಟ ಡ್ರೋನ್ ತಗೊಂಡು ಜಮೀನಿನ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದ್ದರು. ಅದರಲ್ಲೊಂದು ಫೋಟೊ ಊರೆಲ್ಲಾ ಸುತ್ತಿ ಪಕ್ಕದ ಜಮೀನಿನವರ ಫೋನಿಗೂ ಹೋಗಿದೆ. ಫೋಟೊದಲ್ಲಿ ಬದುವಿನ ತಿರುವಿನ ಹತ್ತಿರ ಒಂದು ಕಪ್ಪು ಚುಕ್ಕೆ. ‘ಬಾಂದುಕಲ್ಲು ಅಲ್ಲೇ ಇತ್ತು, ನಿಮ್ಮ ಫೋಟೊನೇ ಹೇಳ್ತಿದೆ. ಈಗ ಕಲ್ಲಿಲ್ಲ ಅಂದ್ರೆ ನೀವೇ ಕಿತ್ತಿದ್ದೀರ’ ಅನ್ನೋದು ಅವರ ಮಾತು. ಇವರ ತಂದೆಗೆ ಆ ಜಾಗದಲ್ಲಿ ಕಲ್ಲು ನೋಡಿದ ನೆನಪೇ ಇಲ್ಲ. ಓದುಗರು ಕೇಳಿರೋದು ಇಷ್ಟೇ: ಈ ಚುಕ್ಕೆ ಅಳಿಸೋಕೆ ಯಾವ ಆ್ಯಪ್ ಒಳ್ಳೇದು?

ಮೊದಲನೇ ಉತ್ತರ: ದಯವಿಟ್ಟು ಅಳಿಸಬೇಡಿ. ಆ ಚುಕ್ಕೆ ನೆಲದ್ದೋ ಕ್ಯಾಮೆರಾದ್ದೋ ಅಂತ ಮೊದಲು ಗೊತ್ತಾಗಲಿ.

ಅದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಅದೇ ದಿನ, ಅದೇ ಹಾರಾಟದಲ್ಲಿ ತೆಗೆದ ಎಲ್ಲಾ ಫೋಟೊಗಳನ್ನೂ ಫೋನಿನ ಗ್ಯಾಲರಿಯಲ್ಲಿ ತೆರೆದು ಬೆರಳಲ್ಲಿ ಹಿಂದೆ ಮುಂದೆ ಸರಿಸಿ. ಹೊಲ ಜರುಗುತ್ತೆ, ರಸ್ತೆ ಜರುಗುತ್ತೆ, ಮರ ಜರುಗುತ್ತೆ. ಚುಕ್ಕೆ ಮಾತ್ರ ಸ್ಕ್ರೀನಿನ ಒಂದೇ ಜಾಗದಲ್ಲಿ ಕೂತಿದ್ದರೆ ಅದು ಕ್ಯಾಮೆರಾದ ಧೂಳು. ಹೊಲದ ಜೊತೆಗೇ ಜರುಗಿದರೆ ಅದು ನೆಲದ ಮೇಲಿರೋ ವಸ್ತು: ಕಲ್ಲು, ಕುಂಟೆ, ಮಲಗಿರೋ ನಾಯಿ, ಏನಾದ್ರೂ ಆಗಬಹುದು. ಒಂದೇ ಫೋಟೊದಲ್ಲಿದ್ದು ಉಳಿದವುಗಳಲ್ಲಿ ಇಲ್ಲ ಅಂದ್ರೆ ಹಕ್ಕಿಯೋ ಹುಳವೋ ನೀರಿನ ಹನಿಯೋ. ಧೂಳು ಆಕಾಶದ ಭಾಗದಲ್ಲಿ ಚೆನ್ನಾಗಿ ಕಾಣುತ್ತೆ, ಉತ್ತ ಹೊಲದ ಮೇಲೆ ಬೆರೆತುಹೋಗುತ್ತೆ. ಹಾಗಾಗಿ ಎಡಿಟಿಂಗ್ ಆ್ಯಪಿನಲ್ಲಿ ‘ಡಿಹೇಜ್’ ಅನ್ನೋದನ್ನ ಪೂರ್ತಿ ಏರಿಸಿ ನೋಡಿ. ಅಡಗಿದ್ದ ಚುಕ್ಕೆಗಳೂ ಎದ್ದು ಬರ್ತವೆ. ನೋಡಿಯಾದ ಮೇಲೆ ಸೇವ್ ಮಾಡದೆ ಹೊರಗೆ ಬನ್ನಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಪ್ರಶ್ನೆ ಕೇಳಿದವರಿಗೆ ಅಷ್ಟು ಇಷ್ಟ ಆಗಲಿಕ್ಕಿಲ್ಲ. ಚುಕ್ಕೆ ಧೂಳು ಅಂತ ಸಾಬೀತಾದರೆ ‘ಅಲ್ಲಿ ಕಲ್ಲಿರಲಿಲ್ಲ’ ಅಂತ ಸಾಬೀತಾದ ಹಾಗಲ್ಲ. ಲೆಕ್ಕ ಹಾಕಿ. 12 ಮೆಗಾಪಿಕ್ಸೆಲ್‌ನ ಸಣ್ಣ ಡ್ರೋನ್ 100 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದರೆ ಫೋಟೊದ ಅಗಲಕ್ಕೆ ಸುಮಾರು 150 ಮೀಟರ್ ನೆಲ ಸಿಗುತ್ತೆ. ಅಗಲದಲ್ಲಿ 4000 ಪಿಕ್ಸೆಲ್ ಇವೆ, ಅಂದ್ರೆ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಸೆಂಟಿಮೀಟರ್ ಹತ್ತಿರ. ಧೂಳಿನ ಚುಕ್ಕೆ 40 ಪಿಕ್ಸೆಲ್ ಅಗಲ ಇದ್ದರೆ ಅದು ನೆಲದ ಮೇಲೆ ಒಂದೂವರೆ ಮೀಟರ್ ಜಾಗವನ್ನ ಮುಚ್ಚಿರುತ್ತೆ. ಅದರ ಕೆಳಗೆ ಒಂದು ಬಾಂದುಕಲ್ಲು ಆರಾಮಾಗಿ ಅಡಗಬಹುದು. ಹಾಗಾಗಿ ನೀವು ಹುಡುಕಬೇಕಾದ್ದು ಅದೇ ಹಾರಾಟದ ಇನ್ನೊಂದು ಫೋಟೊ ಅಥವಾ ವಿಡಿಯೊವನ್ನ. ಬದುವಿನ ಅದೇ ತಿರುವು ಫ್ರೇಮಿನ ಬೇರೆ ಮೂಲೆಯಲ್ಲಿ ಬಂದಿರೋದು, ಚುಕ್ಕೆ ಬೇರೆಲ್ಲೋ ಬಿದ್ದಿರೋದು ಒಂದು ಸಿಕ್ಕರೆ ಸಾಕು, ಎರಡನ್ನೂ ಅಕ್ಕಪಕ್ಕ ಇಟ್ಟು ಪಕ್ಕದವರಿಗೆ ತೋರಿಸಬಹುದು. ಅದರಲ್ಲಿ ಕಲ್ಲು ಕಂಡರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತೆ!

ಅಳಿಸಿಬಿಟ್ಟರೆ ಏನಾಗುತ್ತೆ? ಸ್ನ್ಯಾಪ್‌ಸೀಡ್‌ನ ‘ಹೀಲಿಂಗ್’ ಆಗಲಿ, ಗೂಗಲ್ ಫೋಟೋಸ್‌ನ ‘ಮ್ಯಾಜಿಕ್ ಎರೇಸರ್’ ಆಗಲಿ, ಚುಕ್ಕೆ ತೆಗೆದು ಅದರ ಹಿಂದೆ ಇದ್ದದ್ದನ್ನ ತೋರಿಸೋದಿಲ್ಲ. ಸುತ್ತಲಿನ ಬಣ್ಣ, ಗೆರೆ ನೋಡಿ ಅಲ್ಲೊಂದು ತೇಪೆ ಹಾಕುತ್ತೆ. ಹೊಸ ಎಐ ಟೂಲ್‌ಗಳಂತೂ ಇಲ್ಲದ ಹುಲ್ಲನ್ನೂ ಬೆಳೆಸಿಬಿಡ್ತವೆ. ಮದುವೆ ಆಲ್ಬಮ್ಮಿಗೆ, ಇನ್‌ಸ್ಟಾಗ್ರಾಮಿಗೆ ಇದರಿಂದ ಯಾರಿಗೂ ನಷ್ಟ ಇಲ್ಲ, ಧಾರಾಳವಾಗಿ ಅಳಿಸಿ. ಜಮೀನಿನ ತಕರಾರು, ಆನೆ ತುಳಿದ ಬೆಳೆ, ಮಳೆಗೆ ಕೊಚ್ಚಿಹೋದ ಬದು, ಕೆರೆ ಒತ್ತುವರಿ ಇಂಥ ಫೋಟೊಗಳಲ್ಲಿ ಒಂದು ತೇಪೆ ಸಿಕ್ಕರೂ ‘ಎಡಿಟ್ ಮಾಡಿದ್ದಾರೆ’ ಅನ್ನೋ ಮಾತು ಬರುತ್ತೆ, ಆಮೇಲೆ ಉಳಿದ ಇಪ್ಪತ್ತು ಫೋಟೊಗಳನ್ನೂ ಯಾರೂ ನಂಬಲ್ಲ. ಮೂಲ ಫೈಲನ್ನ ಮೆಮೊರಿ ಕಾರ್ಡಿನಲ್ಲಿದ್ದ ಹಾಗೇ ಎತ್ತಿಡಿ. ವಾಟ್ಸಾಪಿನಲ್ಲಿ ಕಳಿಸೋದಾದರೆ ಫೋಟೊ ಆಗಿ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲಾಂದ್ರೆ ಫೋಟೊ ಕುಗ್ಗಿ ತೆಗೆದ ಸಮಯ, ಸ್ಥಳದ ವಿವರ ಎಲ್ಲಾ ಉದುರಿಹೋಗುತ್ತೆ. ಮುಂದೆ ಕೋರ್ಟಿಗೆ ಹೋಗೋ ಮಾತು ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲಿನ ಜೊತೆ ಪ್ರಮಾಣಪತ್ರವನ್ನೂ ಕೊಡಬೇಕು. ಅದನ್ನ ವಕೀಲರು ನೋಡಿಕೊಳ್ತಾರೆ, ಮೂಲ ಫೈಲ್ ನಿಮ್ಮ ಹತ್ತಿರ ಇರಬೇಕು ಅಷ್ಟೆ.

ಹಾಗಂತ ನಿಮ್ಮ ಡ್ರೋನ್ ಫೋಟೊ ಸರ್ವೆ ಅಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ಕಾರವೇ ಡ್ರೋನ್ ಹಾರಿಸಿ ಅಳತೆ ಮಾಡಿಸ್ತಿದೆ, ನಮ್ಮ ರಾಜ್ಯವೂ ಮೊದಲ ಹಂತದಲ್ಲೇ ಇತ್ತು. ಆದರೆ ಅದು ಊರೊಳಗಿನ ಗ್ರಾಮಠಾಣಾ ಜಾಗಕ್ಕೆ, ಹೊಲಕ್ಕಲ್ಲ. ಅದರಲ್ಲೊಂದು ಚಂದದ ಪದ್ಧತಿ ಇದೆ. ಡ್ರೋನ್ ಹಾರಿಸೋ ಮೊದಲು ಮನೆಯವರ ಎದುರಿಗೇ ನಿವೇಶನದ ಗಡಿಗೆ ಸುಣ್ಣದ ಗೆರೆ ಎಳೀತಾರೆ, ಮೇಲಿಂದ ಸರಿಯಾಗಿ ಕಾಣಲಿ ಅಂತ. ಅಂಥ ಫೋಟೊದಲ್ಲಿ ಬಿಳಿ ಕಲೆ ಅಂದ್ರೆ ಒಬ್ಬರ ಮನೆಯ ಎಲ್ಲೆ. ಹೊಲದ ಬದುವಿನ ಜಗಳಕ್ಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಬಂದು ಅಳೆದು ಗುರುತಿಸಬೇಕು. ಎರಡೂ ಮನೆಯವರು ಕೂತು ಮಾತಾಡೋವಾಗ ನಿಮ್ಮ ಫೋಟೊ ಸಹಾಯಕ್ಕೆ ಬರಬಹುದು, ತೀರ್ಪು ಕೊಡೋಕಲ್ಲ.

ಇನ್ನು ಧೂಳು ಬಂದದ್ದಾದರೂ ಹೇಗೆ? ಉತ್ತ ಕೆಂಪು ಮಣ್ಣಿನ ಮೇಲಿಂದಲೇ ಡ್ರೋನ್ ಏರಿಸಿ ಇಳಿಸಿದರೆ ರೆಕ್ಕೆಯ ಗಾಳಿಗೆ ಎದ್ದ ಮಣ್ಣೆಲ್ಲಾ ಕ್ಯಾಮೆರಾ ಮುಖಕ್ಕೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡೋ ತಿಂಗಳುಗಳಲ್ಲಿ ಬ್ಯಾರನ್ನಿನ ಹೊಗೆಯಲ್ಲಿ ಹಾರಿಸಿದರೆ ಲೆನ್ಸಿನ ಮೇಲೆ ತೆಳುವಾದ ಮಸಿ ಕೂರುತ್ತೆ. ಇದು ಚುಕ್ಕೆ ಥರ ಕಾಣಲ್ಲ, ಫೋಟೊನೇ ಮಂಕಾಗುತ್ತೆ. ಕಣದ ಸಿಮೆಂಟ್ ನೆಲವೋ ರಸ್ತೆ ಬದಿಯ ಡಾಂಬರೋ ಸಿಕ್ಕರೆ ಅಲ್ಲಿಂದ ಹಾರಿಸಿ. ಚಾಪೆ ಹಾಸೋದಾದರೆ ನಾಲ್ಕು ಮೂಲೆಗೂ ಕಲ್ಲಿಡಿ, ಇಲ್ಲಾಂದ್ರೆ ಚಾಪೆಯೇ ಎದ್ದು ರೆಕ್ಕೆಗೆ ಸಿಗುತ್ತೆ.

ಒರೆಸೋ ಮೊದಲು ಒಂದು ಪರೀಕ್ಷೆ. ಡ್ರೋನ್ ಹಾರಿಸೋದೇ ಬೇಡ, ಆನ್ ಮಾಡಿ ಕ್ಯಾಮೆರಾವನ್ನ ಬಿಳಿ ಗೋಡೆಗೆ ಹಿಡಿದು ಒಂದು ಫೋಟೊ ತೆಗೀರಿ. ಎನ್‌ಡಿ ಫಿಲ್ಟರ್ ಹಾಕಿದ್ದರೆ ಬಿಚ್ಚಿ ಇನ್ನೊಂದು. ಬಿಚ್ಚಿದಾಗ ಚುಕ್ಕೆ ಹೋದರೆ ಕೊಳೆ ಫಿಲ್ಟರಿನದು, ಒರೆಸಿದರೆ ಮುಗೀತು. ಮ್ಯಾವಿಕ್ 3 ಥರ ಅಪರ್ಚರ್ ಬದಲಾಯಿಸೋಕೆ ಆಗೋ ಡ್ರೋನ್ ಆದರೆ ಎಫ್/2.8ರಲ್ಲೊಂದು, ಎಫ್/11ರಲ್ಲೊಂದು ತೆಗೀರಿ. ಎಫ್/11ರಲ್ಲಿ ಚುಕ್ಕೆ ಚಿಕ್ಕದಾಗಿ, ಕಪ್ಪಗೆ, ಚೂಪಾಗಿ ಕಂಡರೆ ಧೂಳು ಒಳಗೆ, ಸೆನ್ಸರ್ ಮೇಲಿನ ಗಾಜಿನ ಮೇಲೆ ಕೂತಿದೆ. ಮಿನಿ ಥರದ ಸಣ್ಣ ಡ್ರೋನ್‌ಗಳಲ್ಲಿ ಅಪರ್ಚರ್ ಒಂದೇ, ಆ ಪರೀಕ್ಷೆ ಆಗಲ್ಲ. ಹೊರಗಿನ ಗಾಜನ್ನ ಒರೆಸಿದ ಮೇಲೂ ಚುಕ್ಕೆ ಉಳಿದರೆ ಒಳಗಿನದು ಅಂದುಕೊಳ್ಳಿ.

ಒರೆಸುವಾಗ ಡ್ರೋನ್ ಆಫ್ ಇರಲಿ. ಕ್ಯಾಮೆರಾ ತೂಗಾಡೋ ಗಿಂಬಲ್ ಬಹಳ ಸೂಕ್ಷ್ಮ, ಹಿಂದಿನಿಂದ ಬೆರಳು ಆನಿಸಿ ಹಿಡ್ಕೊಳ್ಳಿ. ಮೊದಲು ಕೈಯಲ್ಲಿ ಒತ್ತೋ ರಬ್ಬರ್ ಬ್ಲೋವರಿನಿಂದ ಮಣ್ಣು ಊದಿ ಕಳೀರಿ, ಇಲ್ಲಾಂದ್ರೆ ಅದೇ ಮಣ್ಣು ಗಾಜಿಗೆ ಗೀರು ಹಾಕುತ್ತೆ. ಆಮೇಲೆ ಕನ್ನಡಕದ ಮೈಕ್ರೋಫೈಬರ್ ಬಟ್ಟೆ. ದ್ರವ ಬೇಕೇ ಅಂದ್ರೆ ಬಟ್ಟೆಗೆ ಹಾಕಿ, ಲೆನ್ಸಿಗಲ್ಲ. ಶರ್ಟಿನ ಅಂಚು, ಸೆರಗು, ಬಾಯಿಂದ ಊದೋದು ಯಾವುದೂ ಬೇಡ. ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸೋಣ ಅನ್ನೋ ಐಡಿಯಾ ಅಂತೂ ಬೇಡವೇ ಬೇಡ, ಆ ಒತ್ತಡಕ್ಕೆ ಗಿಂಬಲ್ಲೇ ಕಿತ್ತು ಬರುತ್ತೆ.

ರಾತ್ರಿ ಜಾತ್ರೆಯ ಫೋಟೊದಲ್ಲಿ ಬಿಳಿ ಉಂಡೆಗಳು ಬಂದು ‘ದೇವರೇ ಬಂದಿದ್ದಾರೆ’ ಅಂತ ಸ್ಟೇಟಸ್ ಹಾಕೋರಿದ್ದಾರೆ. ಅದು ಡ್ರೋನಿನ ಎಲ್‌ಇಡಿ ಬೆಳಕು ಹತ್ತಿರದ ಮಂಜಿನ ಹನಿಗೋ ಧೂಳಿಗೋ ಬಡಿದು ಬರೋದು, ಲೈಟ್ ಆರಿಸಿ ಮತ್ತೆ ತೆಗೀರಿ. ಮೇಲ್ಭಾಗದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಎದುರು ಬಿಸಿಲಿಗೆ ರೆಕ್ಕೆಯ ನೆರಳು ಬಿದ್ದಿದೆ, ಸ್ವಲ್ಪ ತಿರುಗಿ ಸಾಕು. ಎಸಿ ಕಾರಿನಿಂದ ಇಳಿಸಿದ ತಕ್ಷಣ ಹಾರಿಸಿದರೆ ಲೆನ್ಸ್ ಬೆವರುತ್ತೆ, ಹತ್ತು ಹದಿನೈದು ನಿಮಿಷ ಕಾಯಿರಿ.

ಮದುವೆ ವಿಡಿಯೊದಲ್ಲಿ ಚುಕ್ಕೆ ಇದ್ದರೆ ಅಳಿಸೋದು ಕಷ್ಟ, ಕೆಳಗೆ ನೆಲ ಓಡ್ತಿರುತ್ತೆ, ಚುಕ್ಕೆ ನಿಂತೇ ಇರುತ್ತೆ, ಕಣ್ಣು ಅಲ್ಲಿಗೇ ಹೋಗುತ್ತೆ. ಚುಕ್ಕೆ ಅಂಚಿನಲ್ಲಿದ್ದರೆ 4ಕೆಯಲ್ಲಿ ತೆಗೆದದ್ದನ್ನ 1080ಕ್ಕೆ ಇಳಿಸೋವಾಗ ಆ ಅಂಚನ್ನೇ ಕತ್ತರಿಸಿಬಿಡಿ.

ಒಳಗಿನ ಧೂಳಿಗೆ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬೇಡಿ, ಲೆನ್ಸ್ ಬಿಚ್ಚೋ ಹಾಗೆ ಮಾಡಿಲ್ಲ, ವಾರಂಟಿಯೂ ಹೋಗುತ್ತೆ. ಸರ್ವಿಸ್ ಸೆಂಟರಿಗೆ ಕೊಡೋವಾಗ ಆ ಬಿಳಿ ಗೋಡೆಯ ಫೋಟೊವನ್ನೂ ಜೊತೆಗೆ ಕೊಡಿ, ವಾಪಸ್ ತಗೊಳ್ಳುವಾಗ ಅಲ್ಲೇ ನಿಂತು ಅವರ ಗೋಡೆಗೆ ಹಿಡಿದು ಇನ್ನೊಂದು ಫೋಟೊ ತೆಗೀರಿ. ಅದಕ್ಕೂ ಮೊದಲು ಹೋದ ವರ್ಷದ ಮೆಮೊರಿ ಕಾರ್ಡ್ ಡ್ರೋನಿನಲ್ಲೇ ಇದ್ದರೆ ತೆಗೆದಿಟ್ಟುಕೊಳ್ಳಿ.