ಹೆಣೆದ ಪೆನ್ಸಿಲಿಗೆ ಎಷ್ಟು ಕೊಡಬೇಕು?
ಶಿಕ್ಷಕರ ದಿನಾಚರಣೆ ಹತ್ತಿರವಾದಂತೆ ಈ ವಾರ ಮೊಬೈಲ್ ತುಂಬ ಕ್ರೋಶಾದಲ್ಲಿ ಹೆಣೆದ ಬುಕ್‌ಮಾರ್ಕ್‌ಗಳು: ಹಳದಿ ಮೈ, ಗುಲಾಬಿ ರಬ್ಬರು, ಕಪ್ಪು ಮೊನೆಯ ಪೆನ್ಸಿಲ್, ಕನ್ನಡಕ ತೊಟ್ಟ ಪುಸ್ತಕದ ಹುಳು. ಚೆಂದವೇ, ಆದರೆ ಬೆಲೆ ಕೇಳಿದವರ ಉದ್ಗಾರ ಮಾತ್ರ ‘ಇಷ್ಟು ನೂಲಿಗೆ ಇಷ್ಟೊಂದೇ?’ ಎಂದು. ನೂಲು ಅಗ್ಗ, ನಿಜ. ಕೈ ಅಗ್ಗವಲ್ಲ. ಸ್ವೆಟರ್ ಹೆಣೆಯಲು ಯಂತ್ರವಿದೆ. ಕ್ರೋಶಾದ ಕುಣಿಕೆಯನ್ನು ಮಾತ್ರ ಇವತ್ತಿಗೂ ಕೊಕ್ಕೆಕಡ್ಡಿಯಿಂದ ಒಂದೊಂದಾಗಿ ಎಳೆಯಬೇಕು, ಯಂತ್ರದ್ದೆಂದು ಮಾರುವುದು ಬಹುಪಾಲು ಅನುಕರಣೆ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲೇ ಪುಸ್ತಕ ಬರೆದರು: ಮಾಲು ವಿದೇಶಕ್ಕೆ ಹೋಗುತ್ತಿತ್ತು, ಹೆಣೆದವಳು ಮಾತ್ರ ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿ ಎನಿಸಿಕೊಂಡು ಪುಡಿಗಾಸಿಗೆ ದುಡಿಯುತ್ತಿದ್ದಳು. 2024ರಲ್ಲಿ ಆ ಲೇಸಿಗೆ ಜಿಐ ಟ್ಯಾಗ್ ಸಿಕ್ಕಿತು; ‘ಬಿಡುವಿನ ಕೆಲಸ’ವೆಂಬ ನಮ್ಮ ಎಣಿಕೆ ಬದಲಾಗಲಿಲ್ಲ. ಉಡುಗೊರೆಗೆ ಕೂಲಿ ಲೆಕ್ಕವೇಕೆ ಎನ್ನಬಹುದು. ತಾನೇ ಹೆಣೆದು ಕೊಡುವವರಿಗೆ ಖಂಡಿತ ಬೇಡ, ಅವರ ಹೊತ್ತು ಅವರದು. ಕೊಂಡು ಕೊಡುವವರು ‘ಕೈಯಲ್ಲೇ ಮಾಡಿದ್ದು’ ಎಂಬ ಹೆಮ್ಮೆಯನ್ನೂ ಕೊಂಡಿರುತ್ತಾರಲ್ಲ! ದಪ್ಪ ಉಲ್ಲನ್‌ನ ಬುಕ್‌ಮಾರ್ಕ್ ಪುಸ್ತಕದ ಬಾಯಿ ತೆರೆಸುತ್ತದೆ, ಬಳಸಲು ಬರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಹಾಗಾಗಿ ಸಣ್ಣ ಹತ್ತಿ ನೂಲಿನಲ್ಲಿ, ಸಪೂರ ಕಡ್ಡಿಯಲ್ಲಿ ಹೆಣೆಯಬೇಕು. ಆಗ ಕುಣಿಕೆಗಳು ಹೆಚ್ಚಾಗುತ್ತವೆ, ಹೊತ್ತೂ ಹೆಚ್ಚುತ್ತದೆ. ಇಷ್ಟಾದ ಮೇಲೂ ಶಾಲೆಯ ಇಪ್ಪತ್ತು ಮೇಷ್ಟ್ರುಗಳಿಗೆಂದು ಸಗಟು ದರ ಕೇಳುವವರಿದ್ದಾರೆ, ಇಪ್ಪತ್ತನೆಯ ಪೆನ್ಸಿಲಿಗೂ ಮೊದಲನೆಯದರಷ್ಟೇ ಕುಣಿಕೆ ಬೇಕು ಎಂಬುದನ್ನು ಮರೆತು.