ಆಕಾಶದಲ್ಲಿ ಎಂಜಿನು ಕೆಟ್ಟಾಗ

೨೦೨೪ನೆಯ ಮೇ ೧೮ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲಗಡೆಯ ಎಂಜಿನಿನಲ್ಲಿ, ನೆಲಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಬೆಂಕಿ ಕಾಣಿಸಿಕೊಂಡಿತು. ಚಾಲಕರು ವಿಮಾನವನ್ನು ತಿರುಗಿಸಿ ಕೆಂಪೇಗೌಡ ನಿಲ್ದಾಣದಲ್ಲಿಯೇ ಇಳಿಸಿದರು. ೧೭೯ ಪ್ರಯಾಣಿಕರೂ ೬ ಮಂದಿ ಸಿಬ್ಬಂದಿಯೂ ಜೀವಸಹಿತ ಹೊರಬಂದರು. ಇಂತಹ ಸಂದರ್ಭದಲ್ಲಿ ದೈವಕೃಪೆಯೆಂದು ಕೈಮುಗಿದು ಸುಮ್ಮನಾಗುವುದು ನಮ್ಮವರ ವಾಡಿಕೆ. ಕೈಮುಗಿಯಲಿ, ಆದರೆ ಸುಮ್ಮನಾಗುವುದು ಸಲ್ಲದು.

ದೇವರಾಯನದುರ್ಗದ ಆಸುಪಾಸಿನ ಊರ್ಡಿಗೆರೆ ಸೀಮೆಯವರಿಗೆ ಸಹ ವಿಮಾನವು ಈಗ ತಲೆಯೆತ್ತಿ ನೋಡುವ ವಿಚಿತ್ರವಾಗಿ ಉಳಿದಿಲ್ಲ. ಹಳ್ಳಿಗಳ ಮಕ್ಕಳು ಅದರಲ್ಲಿ ಕುಳಿತು ಪರದೇಶಗಳಿಗೆ ಹೋಗಿಬರುತ್ತಿದ್ದಾರೆ. ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ ೨೦೨೩ರಿಂದ ಹೆಲಿಕಾಪ್ಟರ್ ಕಾರ್ಖಾನೆಯೇ ನಿಂತಿದೆ. ಆದುದರಿಂದ ಈ ವಿಚಾರವು ಪರರ ಮನೆಯ ಮಾತಲ್ಲ.

ಒಂದು ಎಂಜಿನು ನಿಂತ ಮಾತ್ರಕ್ಕೆ ವಿಮಾನವು ಕಲ್ಲಿನಂತೆ ಬೀಳುವುದಿಲ್ಲ. ಎರಡು ಎಂಜಿನುಗಳ ಪ್ರಯಾಣಿಕ ವಿಮಾನದಲ್ಲಿ, ಓಟದ ನಿಶ್ಚಿತ ವೇಗವನ್ನು ದಾಟಿದ ಮೇಲೆ ಒಂದು ಎಂಜಿನು ಕೈಕೊಟ್ಟರೂ, ಇನ್ನೊಂದರ ಬಲದಿಂದಲೇ ಮೇಲೇರುವ ಶಕ್ತಿ ಇರತಕ್ಕದ್ದೆಂದು ನಿಯಮವಿದೆ. ಚಾಲಕನ ಮೊದಲ ಕರ್ತವ್ಯ ವಿಮಾನವನ್ನು ಹತೋಟಿಯಲ್ಲಿಟ್ಟು ಹಾರಿಸುವುದು. ಎಂಜಿನಿನ ಚಿಕಿತ್ಸೆ ಅನಂತರದ್ದು. ಕೆಟ್ಟದ್ದು ಎಡದ್ದೋ ಬಲದ್ದೋ ಎಂಬುದನ್ನು ಒಬ್ಬ ಚಾಲಕನು ಹೇಳಬೇಕು, ಇನ್ನೊಬ್ಬನು ತಾನೇ ನೋಡಿ ಒಪ್ಪಬೇಕು. ಆಮೇಲೆಯೇ ಅದಕ್ಕೆ ಹೋಗುವ ಇಂಧನವನ್ನು ತಡೆದು ಬೆಂಕಿಯನ್ನು ನಂದಿಸುವ ಹಿಡಿಗೆ ಕೈಹಾಕಬೇಕು. ಈ ಅರೆಕ್ಷಣದ ತಾಳ್ಮೆಯಲ್ಲಿ ನೂರಾರು ಜೀವಗಳು ನಿಂತಿವೆ.

ತಾಳ್ಮೆ ತಪ್ಪಿದರೆ ಆಗುವುದೇನೆಂಬುದನ್ನು ೧೯೮೯ರ ಜನವರಿ ೮ರಂದು ಇಂಗ್ಲೆಂಡಿನ ಕೆಗ್‌ವರ್ತ್ ಗ್ರಾಮದ ಬಳಿ ಜಗತ್ತು ಕಂಡಿತು. ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ವಿಮಾನದ ಎಡ ಎಂಜಿನಿನ ಅಲಗೊಂದು ಮುರಿಯಿತು. ಚಾಲಕರು ಅವಸರದಲ್ಲಿ ಬಲಗಡೆಯ ಒಳ್ಳೆಯ ಎಂಜಿನನ್ನೇ ನಿಲ್ಲಿಸಿದರು. ನಡುಕವೂ ಹೊಗೆಯೂ ಆಕಸ್ಮಿಕವಾಗಿ ತಗ್ಗಿದುದರಿಂದ ತಾವು ಮಾಡಿದ್ದು ಸರಿಯೆಂದೇ ನಂಬಿದರು. ಬಲ ಎಂಜಿನು ಕೆಟ್ಟಿದೆಯೆಂದು ಪ್ರಯಾಣಿಕರಿಗೆ ಸಾರಿಯೂಬಿಟ್ಟರು. ಹಿಂಬದಿಯ ಅನೇಕ ಪ್ರಯಾಣಿಕರೂ ಮೂವರು ಸಿಬ್ಬಂದಿಯೂ ಬೆಂಕಿಯನ್ನು ಕಂಡದ್ದು ಎಡಗಡೆಯಲ್ಲಿ. ಆದರೆ ಆ ಮಾತು ಚಾಲಕರ ಕಿವಿಗೆ ಬೀಳಲಿಲ್ಲ. ಇಳಿಯುವ ವೇಳೆಗೆ ಎಡ ಎಂಜಿನೂ ಕೈಬಿಟ್ಟಿತು. ೧೨೬ ಮಂದಿಯಲ್ಲಿ ೪೭ ಮಂದಿ ಮೃತರಾದರು. ನಮ್ಮ ದೇಶವೂ ಈ ತಪ್ಪಿನಿಂದ ದೂರವಿಲ್ಲ. ೨೦೧೭ರ ಜೂನ್ ೨೧ರಂದು ದೆಹಲಿಯಿಂದ ಮುಂಬಯಿಗೆ ಹೊರಟ ಗೋಏರ್ ವಿಮಾನದಲ್ಲಿ, ಹಕ್ಕಿ ಬಡಿದ ಎಂಜಿನನ್ನು ಬಿಟ್ಟು ಇನ್ನೊಂದನ್ನು ನಿಲ್ಲಿಸಲಾಯಿತು. ವಿಮಾನವು ದೆಹಲಿಗೆ ಕ್ಷೇಮವಾಗಿ ಹಿಂದಿರುಗಿದ್ದು ಆ ಪ್ರಯಾಣಿಕರ ಪುಣ್ಯ.

ಚಾಲಕನ ಕೆಲಸದಲ್ಲಿ ಪ್ರಯಾಣಿಕರು ತಲೆಹಾಕುವುದೇ ಎಂದು ಕೆಲವರು ಕೇಳಬಹುದು. ತಲೆಹಾಕಬೇಕಾಗಿಲ್ಲ, ಕಂಡದ್ದನ್ನು ಸಿಬ್ಬಂದಿಗೆ ತಿಳಿಸಿದರೆ ಸಾಕು. ಮೇಲಿನವರಿಗೆ ಎಲ್ಲವೂ ತಿಳಿದಿದೆಯೆಂದು ಕೆಳಗಿನವರು ಬಾಯಿ ಮುಚ್ಚಿಕೊಳ್ಳುವ ರೂಢಿ ನಮ್ಮ ಕಚೇರಿಗಳಲ್ಲಿ ಕಡತವನ್ನಷ್ಟೇ ಕೆಡಿಸುತ್ತದೆ. ಆಕಾಶದಲ್ಲಿ ಪ್ರಾಣವನ್ನೇ ಕಳೆಯುತ್ತದೆ.

ವಿಮಾನದ ಅರ್ಧ ಬಾಗಿಲುಗಳನ್ನು ಮುಚ್ಚಿದರೂ ತುಂಬಿದ ಪ್ರಯಾಣಿಕರೆಲ್ಲರೂ ೯೦ ಸೆಕೆಂಡುಗಳಲ್ಲಿ ಹೊರಬರುವಂತಿರಬೇಕೆಂದು ವಿಮಾನ ನಿರ್ಮಾಣದ ನಿಯಮವಿದೆ. ಆ ೯೦ ಸೆಕೆಂಡುಗಳಲ್ಲಿ ಸೂಚನೆಯ ಅರ್ಥವನ್ನು ಪಕ್ಕದವನಲ್ಲಿ ಕೇಳುತ್ತ ಕುಳಿತಿರಲಾದೀತೆ? ಕನ್ನಡ ನಾಡಿನಿಂದ ಏಳುವ ಪ್ರತಿಯೊಂದು ವಿಮಾನದಲ್ಲಿಯೂ ಸುರಕ್ಷತೆಯ ಸೂಚನೆಗಳು ಕನ್ನಡದಲ್ಲಿಯೂ ತಪ್ಪದೆ ದೊರೆಯತಕ್ಕದ್ದು. ಇದು ಭಾಷಾಭಿಮಾನದ ಅಲಂಕಾರವಲ್ಲ, ಪ್ರಾಣರಕ್ಷಣೆಯ ಪ್ರಶ್ನೆ. ಪ್ರಯಾಣಿಕರೂ ತಮ್ಮ ಪಾಲಿನ ಕರ್ತವ್ಯವನ್ನು ಅರಿತು, ಗಂಟುಮೂಟೆಗಳ ಆಸೆಯನ್ನು ಬಿಟ್ಟು ಬಾಗಿಲಿನತ್ತ ನಡೆಯಬೇಕು. ವಿಮಾನವನ್ನು ಹಿಂದಿರುಗಿಸಿದ ಚಾಲಕನನ್ನು, ಹೊತ್ತು ಹಾಳಾಯಿತೆಂದು ಯಾರೂ ಹಳಿಯದಿರಲಿ; ಆತನು ಉಳಿಸಿದ್ದು ಹೊತ್ತಿಗಿಂತ ಬೆಲೆಯುಳ್ಳದ್ದು. ವಿಮಾನಯಾನದ ಅಧಿಕಾರಿಗಳು ಇತ್ತ ಗಮನವೀಯುವರೆಂದು ನಂಬುತ್ತೇವೆ.