ಭರಣಿಯೊಳಗಿನ ಮುದ್ರೆ

ಚಿನ್ನದ ವಸ್ತುವನ್ನು ಕಂಡೊಡನೆ ಅದರ ತೂಕವೆಷ್ಟೆಂದು ಕೇಳುವವರು ಬಹಳ. ಮಾಡಿದವನಾರೆಂದು ಕೇಳುವವರು ವಿರಳ. ಆದರೆ ಶತಮಾನಗಳು ಕಳೆದ ಮೇಲೂ ಆ ಕೈಯನ್ನು ಗುರುತಿಸುವ ವಿದ್ಯೆಯೊಂದುಂಟು. ಈ ಸಲ ಅದನ್ನು ಓದುಗರ ಮುಂದಿಡುತ್ತೇವೆ.

ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ನಸ್ಯ ಇಡುವ ಚಿನ್ನದ ಭರಣಿಗಳು ಸಿರಿವಂತರ ಹೆಮ್ಮೆಯಾಗಿದ್ದವು. ದೊರೆಗಳು ಅವನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಅಂಥವು ಇಂದು ಪ್ಯಾರಿಸ್ಸಿನ ಲೂವ್ರ್, ಲಂಡನ್ನಿನ ವ್ಯಾಲೆಸ್ ಸಂಗ್ರಹ ಮೊದಲಾದೆಡೆ ಇವೆ. ಮುಚ್ಚಳ ತೆರೆದು ಭೂತಗನ್ನಡಿ ಹಿಡಿದರೆ ಒಳಗೆ ಪುಟ್ಟ ಮುದ್ರೆಗಳು ಕಾಣುತ್ತವೆ.

ಮೊದಲನೆಯದು ಅಕ್ಕಸಾಲಿಗನ ಸ್ವಂತ ಮುದ್ರೆ: ಕಿರೀಟ ಧರಿಸಿದ ಲಿಲಿ ಹೂ, ಎರಡು ಚುಕ್ಕೆ, ಹೆಸರಿನ ಮೊದಲ ಅಕ್ಷರಗಳು, ಅವನದೇ ಒಂದು ಚಿಹ್ನೆ. ಇಬ್ಬರ ಅಕ್ಷರಗಳು ಒಂದೇ ಆಗಿದ್ದರೆ ಚಿಹ್ನೆಯೇ ಭೇದವನ್ನು ತೋರುತ್ತದೆ. ಎರಡನೆಯದು ತೆರಿಗೆ ಗುತ್ತಿಗೆದಾರನದು. ಕೆಲಸ ಮುಗಿಯುವ ಮುನ್ನವೇ ಒತ್ತುವಂಥದು. ಮೂರನೆಯದು ಅಕ್ಕಸಾಲಿಗರ ಸಂಘವು ಚಿನ್ನದ ಶುದ್ಧಿಯನ್ನು ಪರೀಕ್ಷಿಸಿ ಒತ್ತಿದ ವರ್ಷಾಕ್ಷರ. ನಾಲ್ಕನೆಯದು ತೆರಿಗೆ ಸಂದಿತೆಂಬ ಗುರುತು. ವರ್ಷಾಕ್ಷರವು ವರ್ಷದ ನಡುವೆ ಬದಲಾಗುತ್ತಿದ್ದುದರಿಂದಲೇ ವಿದ್ವಾಂಸರು 1770–71 ಎಂದು ಜೋಡಿಯಾಗಿ ಬರೆಯುವುದು. ಈ ಮುದ್ರೆಗಳನ್ನು ಹೋಲಿಸಲು ಆನ್ರಿ ನಾಕ್ ಎಂಬವರು 1926ರಿಂದ 1931ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳ ಕೋಶವಿದೆ.

ಆದರೆ ಮುದ್ರೆಯೊಂದನ್ನೇ ನಂಬಿದವನು ಮೋಸಹೋಗುತ್ತಾನೆ. ಜಿನೀವಾ, ಹನಾವ್ ಪಟ್ಟಣಗಳ ಕುಶಲಕರ್ಮಿಗಳು ಪ್ಯಾರಿಸ್ಸಿನದನ್ನು ಹೋಲುವ ಮುದ್ರೆಗಳನ್ನು ಒತ್ತುತ್ತಿದ್ದರು. ಆದ್ದರಿಂದ ಮುಚ್ಚಳ, ತಳ, ಗೋಡೆಗಳ ಮುದ್ರೆಗಳು ಪರಸ್ಪರ ಒಪ್ಪುತ್ತವೆಯೇ, ಕೆತ್ತನೆಯ ರೀತಿಯು ಆ ಕಾಲಕ್ಕೆ ಸಲ್ಲುತ್ತದೆಯೇ ಎಂದು ನೋಡಬೇಕು. ಅಂಚಿನಲ್ಲಿ ಕೊರೆದ ಹೆಸರು ಕೆಲವೊಮ್ಮೆ ಮಾರಿದ ವರ್ತಕನದು, ಮಾಡಿದವನದಲ್ಲ.

ಮಾಡಿದವನು ಒಬ್ಬನೇ ಎಂಬುದೂ ಸದಾ ನಿಜವಲ್ಲ. 1770–71ರ ಪ್ರಸಿದ್ಧ ಭರಣಿಯೊಂದರ ಚಿನ್ನದ ಕೆಲಸ ಲೂಯಿ ರೂಸೆಲ್‌ನದು. ಅದರ ಸೂಕ್ಷ್ಮ ಚಿತ್ರಗಳು ಲೂಯಿ-ನಿಕೊಲಾ ವಾನ್ ಬ್ಲಾರೆನ್‌ಬರ್ಗ್‌ನವು. ಆದರೆ ಲೋಕವು ಅದನ್ನು ಕರೆಯುವುದು ಒಡೆಯನಾದ ಮಂತ್ರಿ ಶ್ವಾಸಲ್‌ನ ಹೆಸರಿನಿಂದ! ಒಳಗಿನ ಮುದ್ರೆಯಿಲ್ಲದಿದ್ದರೆ ದುಡಿದವನ ಹೆಸರು ಉಳಿಯುತ್ತಿತ್ತೆ?

ನಮ್ಮ ಮನೆಗಳತ್ತ ತಿರುಗೋಣ. ಭಾರತದಲ್ಲಿ 2021ರ ಜೂನ್ 16ರಿಂದ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ಮಾನಕ ಸಂಸ್ಥೆಯ ಚಿಹ್ನೆ, ಶುದ್ಧತೆ, ಅಕ್ಷರ-ಅಂಕಿಗಳ ಆರು ಸ್ಥಾನಗಳ ಸಂಕೇತ, ಇವು ಮೂರೂ ಇರಬೇಕು. ಇದು ಒಳ್ಳೆಯದೇ. ಆ ಸಂಕೇತದಿಂದ ಅಂಗಡಿಯನ್ನೂ ಪರೀಕ್ಷಾ ಕೇಂದ್ರವನ್ನೂ ತಿಳಿಯಬಹುದು; ಆದರೆ ಒಲೆಯ ಮುಂದೆ ಕುಳಿತು ಕಣ್ಣು ಸವೆಸಿದವನನ್ನು ಅದು ಹೇಳುವುದಿಲ್ಲ.

ಆದ್ದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿನಂತಿ. ಹಿರಿಯರ ಒಡವೆಯನ್ನು ಕರಗಿಸುವ ಮುನ್ನ, ಅತಿಯಾಗಿ ಉಜ್ಜಿ ಹೊಳಪು ಕೊಡಿಸುವ ಮುನ್ನ, ಅದರ ಹಿಂಬದಿಯನ್ನು ಒಮ್ಮೆ ನೋಡಿರಿ. ಉಜ್ಜಿದಷ್ಟೂ ಮುದ್ರೆ ಸವೆಯುತ್ತದೆ. ಮಾಡಿದ ಅಕ್ಕಸಾಲಿಗನ ಹೆಸರು, ಊರು, ವರ್ಷ ಮನೆಯ ಹಿರಿಯರಿಗೆ ನೆನಪಿದ್ದರೆ ಇಂದೇ ಬರೆದಿಡಿರಿ. ಕರಗಿದ ಚಿನ್ನವನ್ನು ಮತ್ತೆ ಕೊಳ್ಳಬಹುದು. ಅಳಿಸಿದ ಹೆಸರನ್ನು ಕೊಳ್ಳಲಾಗದು.